ಊರ ದಾರಿ, ಊಟದ ಮನೆ, ಒಂದು ಕೋಣೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ಊರುಗಳಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವರನ್ನ 'ಎಲ್ಲಿ ರೂಮ್ ಮಾಡಿದ್ದೀಯ?' ಅಂತ ಕೇಳಿ ನೋಡಿ. ಹೆಬ್ಬಾಳ ಅಂದ್ರೆ ಚಿಕ್ಕಬಳ್ಳಾಪುರದ ಕಡೆಯವರಿರಬಹುದು. ಯಲಹಂಕ, ಯಶವಂತಪುರ ಅಂದ್ರೆ ಗೌರಿಬಿದನೂರು. ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ಅಂದ್ರೆ ಚಿಂತಾಮಣಿ. ಶಿಡ್ಲಘಟ್ಟದವರು ಮಾತ್ರ ಎರಡೂ ಕಡೆ ಸಿಗ್ತಾರೆ, ಯಾಕಂದ್ರೆ ಅವರಿಗೆ ದಾರಿಯೂ ಎರಡು: ಒಂದು ದೇವನಹಳ್ಳಿ ಮೇಲೆ, ಇನ್ನೊಂದು ಎಚ್ ಕ್ರಾಸ್, ಹೊಸಕೋಟೆ ಮೇಲೆ. ಪ್ರತಿ ಸಲ ಈ ಲೆಕ್ಕ ಸರಿಹೋಗೋದಿಲ್ಲ, ಆದರೆ ಸರಿಹೋಗೋದೇ ಜಾಸ್ತಿ.

ಒಂಟಿಯಾಗಿ ನಗರಕ್ಕೆ ಬಂದವರು ಏರಿಯಾ ಆಯ್ಕೆ ಮಾಡೋದು ಇವತ್ತಿನ ಸಮಸ್ಯೆ, ಆಪ್‌ನಲ್ಲಿ ಬಾಡಿಗೆ ನೋಡಿ, ಆಫೀಸಿಗೆ ಎಷ್ಟು ಕಿಲೋಮೀಟರ್ ಅಂತ ಅಳೆದು ತೀರ್ಮಾನ ಮಾಡೋ ವಿಷಯ ಅಂತ ನಾವು ಅಂದ್ಕೊಂಡಿದ್ದೀವಿ. ಆದರೆ ಈ ಸೀಮೆಯಿಂದ ಜನ ಒಬ್ಬೊಬ್ಬರೇ ಬೆಂಗಳೂರಿಗೆ ಹೋಗೋದಕ್ಕೆ ಶುರು ಮಾಡಿ ನೂರೈವತ್ತು ವರ್ಷ ಹತ್ತಿರ ಬಂತು. ಅವರು ಎಲ್ಲಿ ಉಳಿದರು ಅನ್ನೋದನ್ನ ನೋಡ್ತಾ ಹೋದರೆ ಮೂರು ಪ್ರಶ್ನೆ ಮತ್ತೆ ಮತ್ತೆ ಎದುರಾಗ್ತವೆ. ಊರಿನ ದಾರಿ ಎಲ್ಲಿ ಬಂದು ಸೇರುತ್ತೆ? ಬಾಗಿಲು ತೆಗೆಯೋರು ಯಾರು? ಊಟ ಎಲ್ಲಿ?

ಮೊದಲು ದಾರಿ. 1890ರ ದಶಕದಲ್ಲೇ ಬೆಂಗಳೂರಿನಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ಹಾದು ಹಿಂದೂಪುರದ ಕಡೆಗೆ ರೈಲು ಓಡ್ತಿತ್ತು. ಗೌರಿಬಿದನೂರಿನವರಿಗೆ ಯಲಹಂಕ, ಯಶವಂತಪುರ ಹತ್ತಿರದ ಹೆಸರುಗಳಾಗಿದ್ದು ಹೀಗೆ. ಉಳಿದ ಮೂರು ಊರುಗಳಿಗೆ 1910ರ ದಶಕದಲ್ಲಿ ನ್ಯಾರೋ ಗೇಜ್ ರೈಲು ಬಂತು. ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸುತ್ತಿಕೊಂಡು ಯಲಹಂಕದ ಕಡೆ ಬರೋ ಪುಟ್ಟ ಗಾಡಿ ಅದು. ಆ ಹಳಿ ಪೂರ್ತಿ ಬ್ರಾಡ್ ಗೇಜ್ ಆಗೋದಕ್ಕೆ 2013ರ ತನಕ ಕಾಯಬೇಕಾಯ್ತು. ಅಷ್ಟರಲ್ಲಿ ಜನ ಬಸ್ಸಿಗೆ ಒಗ್ಗಿಹೋಗಿದ್ದರು. ಚಿಂತಾಮಣಿ ಬಸ್ಸು ಹೊಸಕೋಟೆ ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿದರೆ, ಚಿಕ್ಕಬಳ್ಳಾಪುರದ ಬಸ್ಸು ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳಕ್ಕೆ ಬಂದು ಸೇರ್ತಿತ್ತು.

ಕೆಲಸಗಳೂ ಈ ದಾರಿಗಳ ಪಕ್ಕದಲ್ಲೇ ಬಂದು ಕೂತವು. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ಕೆ.ಆರ್. ಪುರದ ಹತ್ತಿರ, ದೂರವಾಣಿನಗರದಲ್ಲಿ. 1953ರ ಎಚ್‌ಎಂಟಿ, 1954ರ ಬಿಇಎಲ್ ಜಾಲಹಳ್ಳಿ ಕಡೆ. ಯಲಹಂಕದ ಗಾಲಿ ಕಾರ್ಖಾನೆ 1984ರಲ್ಲಿ. ಆಮೇಲೆ ವೈಟ್‌ಫೀಲ್ಡಿನ ಐಟಿ ಕಂಪನಿಗಳು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಶನಿವಾರ ಸಂಜೆ ಬ್ಯಾಗ್ ಹಾಕ್ಕೊಂಡು ಊರ ಬಸ್ ಹತ್ತೋದು ಎಲ್ಲಿ ಸುಲಭವೋ ಅಲ್ಲೇ ರೂಮು. ಇನ್ನೊಂದು ಅನುಕೂಲವೂ ಇತ್ತು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ತೆಲುಗು, ಅಂಗಡಿ-ಶಾಲೆಗಳಲ್ಲಿ ಕನ್ನಡ. ಎರಡೂ ನಡೆಯೋ ಬೀದಿಯಲ್ಲಿ ಓನರ್ ಜೊತೆ ಬಾಡಿಗೆ ಮಾತಾಡೋದು ಸಲೀಸು.

ಆದರೆ ದಾರಿ ಊರಿನ ಹೊಸ್ತಿಲ ತನಕ ಮಾತ್ರ ತಲುಪಿಸುತ್ತೆ. ಒಳಗೆ ಯಾರೋ ಬಾಗಿಲು ತೆಗೀಬೇಕಲ್ಲ!

ಇದಕ್ಕೆ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತಿರೋ ಹೆಸರು: ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಚಿಕ್ಕಬಳ್ಳಾಪುರದಲ್ಲಿ ಓದು ಮುಗಿಸಿ 1870ರ ದಶಕದಲ್ಲಿ ಬೆಂಗಳೂರಿಗೆ ಬಂದಾಗ ಅವರಿಗೆ ಆಸರೆ ಸೋದರಮಾವನ ಮನೆ. ತಂದೆ ತೀರಿಕೊಂಡಿದ್ದರು, ಕೈಯಲ್ಲಿ ಕಾಸಿರಲಿಲ್ಲ. ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಡ್ತಾ ಆ ಮನೆಯಲ್ಲಿ ಇರ್ತಿದ್ದರು, ಊಟಕ್ಕೆ ಮಾವನ ಮನೆಗೆ ನಡ್ಕೊಂಡು ಹೋಗ್ತಿದ್ದರು. ಹೀಗೇ ಓದಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿಎ ಮುಗಿಸಿದರು. ಮುಂದೆ ಅಣೆಕಟ್ಟು ಕಟ್ಟಿದ ಮನುಷ್ಯನಿಗೆ ಮಲಗೋಕೆ ಒಂದು ಮನೆ, ಉಣ್ಣೋಕೆ ಇನ್ನೊಂದು ಮನೆ. ಈ ಎರಡರ ನಡುವಿನ ರಸ್ತೆಯೇ ಅವರ ಏರಿಯಾ.

ಸೋದರಮಾವ ಇಲ್ಲದವರ ಗತಿ? ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡ್ಕೊಂಡು, ದಿನಕ್ಕೊಂದು ಮನೆಯಲ್ಲಿ ಊಟ. ಉಳಿದವರಿಗೆ ಅದೂ ಇರಲಿಲ್ಲ. ಇಪ್ಪತ್ತನೇ ಶತಮಾನ ಶುರುವಾಗ್ತಿದ್ದ ಹಾಗೆ ಒಂದೊಂದು ಸಮುದಾಯವೂ ತನ್ನ ಹುಡುಗರ ವಿದ್ಯಾಭ್ಯಾಸಕ್ಕೆ ಸಂಘ ಕಟ್ಟಿದ್ದು ಇದೇ ಕಾರಣಕ್ಕೆ. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್. ಗುಬ್ಬಿ ತೋಟದಪ್ಪನವರ ಛತ್ರ ರೈಲ್ವೆ ನಿಲ್ದಾಣದ ಎದುರಿಗೇ ಎದ್ದಿತ್ತು. ದಲಿತ ವಿದ್ಯಾರ್ಥಿಗಳ ಹಾಸ್ಟೆಲಿಗಾಗಿ ಗೋಪಾಲಸ್ವಾಮಿ ಅಯ್ಯರ್ ದುಡಿದರು. ಈ ಹಾಸ್ಟೆಲುಗಳು ಇಲ್ಲದೇ ಇದ್ದಿದ್ದರೆ ನಮ್ಮ ತಾಲ್ಲೂಕುಗಳ ಮೊದಲ ತಲೆಮಾರಿನ ಎಷ್ಟೋ ಮೇಷ್ಟರು, ವಕೀಲರು ಬೆಂಗಳೂರು ನೋಡ್ತಾನೇ ಇರಲಿಲ್ಲ.

ಇದಕ್ಕೆ ಒಂದು ಷರತ್ತೂ ಇತ್ತು. ಬಾಗಿಲು ತೆಗೆಯೋ ಮುಂಚೆ 'ನೀನು ಯಾವ ಪೈಕಿ?' ಅಂತ ಕೇಳಲಾಗ್ತಿತ್ತು. ನಗರದ ನಕ್ಷೆಯಲ್ಲೂ ಅದೇ ಪ್ರಶ್ನೆ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ 1898ರ ಪ್ಲೇಗಿಗಿಂತ ಮೊದಲೇ ಶುರುವಾಗಿತ್ತು. ಪ್ಲೇಗ್ ಬಂದಮೇಲೆ ಹಳೇ ಪೇಟೆಯ ಗಲ್ಲಿ ಬಿಟ್ಟು ಜನ ಅಲ್ಲಿಗೆ ಹೋದರು. ಅಗಲ ರಸ್ತೆ, ಗಾಳಿ ಬೆಳಕು, ಉದ್ಯಾನ ಎಲ್ಲ ಹೊಸ ಕಾಲದ್ದು. ನಿವೇಶನ ಹಂಚುವಾಗ ಮಾತ್ರ ಇಂಥ ಬ್ಲಾಕು ಇಂಥ ಜಾತಿಗೆ ಅನ್ನೋ ಹಳೇ ಲೆಕ್ಕ. ಇವತ್ತು ಮನೆ ನೋಡೋಕೆ ಹೋದಾಗ ಓನರ್ ನಗುನಗುತ್ತಾ 'ವೆಜ್ಜಾ? ಯಾವ ಕಡೆಯವರು?' ಅಂತಾರಲ್ಲ, ಆ ಪ್ರಶ್ನೆಗೆ ನೂರು ವರ್ಷದ ಮೇಲೆ ವಯಸ್ಸಾಗಿದೆ. ಹೆಸರು ಕೇಳಿದ ಕೂಡಲೇ 'ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆ' ಅನ್ನೋ ಉತ್ತರ ಸಿಗೋ ಗೆಳೆಯರಿಗೆ ಏರಿಯಾ ಆಯ್ಕೆ ಅನ್ನೋ ಮಾತೇ ತಮಾಷೆಯಾಗಿ ಕೇಳುತ್ತೆ.

ಇಂಥ ಬೆಂಗಳೂರಿಗೆ 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಹುಡುಗ ಎರಡು ದಿನ ನಡೆದು ಬಂದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಬೇಕಿತ್ತು. ತಾಲ್ಲೂಕಿಗೆ ರೈಲು ಬಂದು ಆಗಲೇ ನಲವತ್ತು ವರ್ಷ ಆಗಿತ್ತು, ಆದರೆ ಬಡವರ ಮನೆ ಹುಡುಗನಿಗೆ ಟಿಕೆಟ್ ಅನ್ನೋದು ದೊಡ್ಡ ಮಾತು. ಅವರೇ ಮುಂದೆ ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. 1942ರ ಚಳವಳಿಯಲ್ಲಿ ಜೈಲಿಗೆ ಹೋದರು. ಭೌತಶಾಸ್ತ್ರ ಓದಿ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಮೇಷ್ಟರಾದರು. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡಿಕೊಂಡು ವಾಪಸ್ ಬಂದರು. ಪ್ರಿನ್ಸಿಪಾಲರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಮದುವೆ ಆಗಲಿಲ್ಲ. ದಶಕಗಳ ಕಾಲ ಅವರ ವಾಸ ಬಸವನಗುಡಿಯ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ. 2005ರಲ್ಲಿ ತೀರಿಕೊಂಡರು.

ಅವರ ಸರಳತೆಯನ್ನ ಹೊಗಳೋದು ನಮಗೆ ಅಭ್ಯಾಸವಾಗಿದೆ. ನನಗೆ ಅದಕ್ಕಿಂತ ಕುತೂಹಲ ಆ ಕೋಣೆಯ ಸುತ್ತಮುತ್ತ ಏನಿತ್ತು ಅನ್ನೋದರ ಬಗ್ಗೆ. ಕೆಲಸ ಅಂಗಳದಲ್ಲೇ. ಮಾತಿಗೆ ವಿದ್ಯಾರ್ಥಿಗಳು. 1962ರಲ್ಲಿ ಶುರುವಾದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಸ್ವಲ್ಪ ದೂರದಲ್ಲಿ ಡಿವಿಜಿಯವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ, ಅಲ್ಲೂ ಸಂಜೆ ಮಾತುಕತೆ. ಗಾಂಧಿಬಜಾರಿನಲ್ಲಿ 1943ರಿಂದ ವಿದ್ಯಾರ್ಥಿ ಭವನ. ಹಾಸ್ಟೆಲ್, ರೂಮುಗಳ ಹುಡುಗರು ಬಂದು ತಿನ್ನೋ ಜಾಗ ಅಂತ ಹೆಸರಲ್ಲೇ ಇದೆ. ಜಾತಿಗೊಂದು ಬ್ಲಾಕು ಅಂತ ಗೆರೆ ಎಳೆದ ಅದೇ ಬಸವನಗುಡಿಯಲ್ಲಿ, ಗುರುತು ಕೇಳದೆ ಒಳಗೆ ಬಿಟ್ಟುಕೊಳ್ಳೋ ಜಾಗಗಳನ್ನ ಜನ ಒಂದೊಂದಾಗಿ ಕಟ್ಟಿಕೊಂಡರು. ಎಚ್ಚೆನ್ ಕೋಣೆ ಚಿಕ್ಕದಾಗಿದ್ದರೂ ನಡೆಯಿತು, ಯಾಕಂದ್ರೆ ಅವರ ಪಡಸಾಲೆ, ಊಟದ ಮನೆ, ಜಗಲಿ ಎಲ್ಲ ಹೊರಗೆ ಬೀದಿಯಲ್ಲಿದ್ದವು. ಊರಿನ ದಾರಿಯನ್ನೂ ಅವರು ಮರೀಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ಶುರು ಮಾಡಿ, ಓದೋಕೆ ಅಂತ ನಡೆದು ಬರೋ ಅಗತ್ಯವನ್ನೇ ಕಡಿಮೆ ಮಾಡಿದರು.

ಊಟದ ಚರಿತ್ರೆಯೂ ಹೀಗೇ ಬೆಳೀತು. ವಾರಾನ್ನ ಹೋಗಿ ಮೆಸ್ ಬಂತು, ಹೋಟೆಲ್ ಬಂತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ನಿಂತ್ಕೊಂಡೇ ತಿಂದು ಹೋಗೋ ದರ್ಶಿನಿಗಳು ಆಮೇಲೆ ಊರು ತುಂಬಾ ಹಬ್ಬಿದವು. ಒಬ್ಬರೇ ಹೋಗಿ ತಿಂದರೆ ಯಾರೂ ತಿರುಗಿ ನೋಡದ ಜಾಗ ಅದು. ಒಂಟಿ ಜೀವಗಳಿಗೆ ಬೆಂಗಳೂರು ಕೊಟ್ಟ ಒಳ್ಳೆಯ ಉಡುಗೊರೆ ಅಂತಲೇ ಹೇಳ್ತೀನಿ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈ ತನಕ ಬಂದ ಹೆಸರೆಲ್ಲಾ ಗಂಡಸರದ್ದೇ, ಗಮನಿಸಿದ್ರಾ? ಇದು ಮರೆವಿನಿಂದ ಆಗಿದ್ದಲ್ಲ. ಶಿಡ್ಲಘಟ್ಟದ ಹುಡುಗಿಯೊಬ್ಬಳು ಎರಡು ದಿನ ಒಬ್ಬಳೇ ನಡೆದು ಬಂದು ಹೈಸ್ಕೂಲ್ ಬಾಗಿಲು ತಟ್ಟೋ ಹಾಗೆ ಇರಲಿಲ್ಲ. ಸೋದರಮಾವನ ಮನೆಗೆ ಬಂದರೂ ಓದಿನ ಜೊತೆ ಮನೆಗೆಲಸ, ಬೇಗ ಮದುವೆ. ಹೊರಗಿದ್ದು ದುಡಿಯೋ ದಾರಿ ಬಹುಪಾಲು ನರ್ಸು, ಟೀಚರುಗಳಿಗೆ ಮಾತ್ರ. ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಕಟ್ಟೋಕೆ ಕೇಂದ್ರ ಸರ್ಕಾರ ಯೋಜನೆ ಮಾಡಿದ್ದೇ 1972-73ರಲ್ಲಿ. ಒಂಟಿ ಹೆಣ್ಣುಮಗಳಿಗೆ ನಗರದಲ್ಲಿ ಒಂದು ಬಾಗಿಲು ಅನ್ನೋದು ಅಷ್ಟು ತಡವಾಗಿ ಶುರುವಾದ ಕಥೆ. ಇವತ್ತಿಗೂ ರಾತ್ರಿ ಒಂಬತ್ತೂವರೆಗೆ ಗೇಟ್ ಹಾಕೋ ಲೇಡೀಸ್ ಪಿಜಿ ಸಿಗುತ್ತೆ. ಪಕ್ಕದ ಜೆಂಟ್ಸ್ ಪಿಜಿಯಲ್ಲಿ ಆ ಹೊತ್ತಿಗೆ ಕ್ರಿಕೆಟ್ ಶುರು.

ಪಿಜಿಗೂ ಮುಂಚೆ ವಠಾರ ಇತ್ತು. ಒಂದೇ ಅಂಗಳ, ಸಾಲು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ನೀರಿಗೆ ಜಗಳ, ಯಾರ ಮನೆಗೆ ಯಾರು ಬಂದರು ಅನ್ನೋದರ ಮೇಲೆ ಕಣ್ಣು. ಖಾಸಗಿತನ ಶೂನ್ಯ. ಆದರೆ ಮೂಲೆ ರೂಮಿನ ಹುಡುಗ ಎರಡು ದಿನ ಬಾಗಿಲು ತೆಗೀದಿದ್ದರೆ ಯಾರಾದರೂ ಗಂಜಿ ತಗೊಂಡು ಬಂದು ತಟ್ಟೋರು. ಐಟಿ ಕಾಲಕ್ಕೆ ವಠಾರ ಕರಗಿತು. ಅಪಾರ್ಟ್‌ಮೆಂಟುಗಳಲ್ಲಿ 'ಫ್ಯಾಮಿಲಿಗೆ ಮಾತ್ರ' ಅನ್ನೋ ಮಾತು, ಹತ್ತು ತಿಂಗಳ ಅಡ್ವಾನ್ಸು. ಒಂಟಿಯವರೆಲ್ಲ ಪಿಜಿಗೆ. 2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು: ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲು. ಬೇಕಾದ ನಿಯಮಗಳೇ. ಕೋಣೆ ಎಷ್ಟಿರಬೇಕು ಅಂತ ಅವು ಹೇಳ್ತವೆ. ಕೋಣೆಯ ಹೊರಗೆ ಏನಿರಬೇಕು ಅನ್ನೋದನ್ನ ನಾವೇ ನೋಡ್ಕೋಬೇಕು.

ಹಾಗಾಗಿ ಟೋಕನ್ ಅಡ್ವಾನ್ಸ್ ಹಾಕೋ ಮುಂಚೆ ಆ ಏರಿಯಾದಲ್ಲಿ ಒಂದು ಸಂಜೆ ಸುಮ್ಮನೆ ನಡೀರಿ. ಬಸ್‌ಸ್ಟಾಪಿನಿಂದ ರೂಮಿನ ತನಕ ರಾತ್ರಿ ಹತ್ತು ಗಂಟೆಗೆ ದೀಪ ಇರುತ್ತಾ ನೋಡಿ. ನಡೆದು ಹೋಗೋ ದೂರದಲ್ಲಿ ದರ್ಶಿನಿ, ಲೈಬ್ರರಿ, ಪಾರ್ಕು, ಏನಾದರೊಂದು ಸಂಘವೋ ಸಭೆಯೋ ಇದೆಯಾ? ಮನೆ ತೋರಿಸೋರು ಮೊದಲು ಕೇಳೋದು ನಿಮ್ಮ ಕೆಲಸಾನಾ, ಜಾತೀನಾ? ಜ್ವರ ಬಂದು ಮಲಗಿದರೆ ಫೋನ್ ಮಾಡಬಹುದಾದ ಒಬ್ಬರಾದರೂ ಹತ್ತು ನಿಮಿಷದ ದೂರದಲ್ಲಿ ಇದ್ದಾರಾ? ಊರಿಗೆ ಹೋಗೋ ಬಸ್ಸು ಅಥವಾ ರೈಲು ಎಷ್ಟು ದೂರ?

ಕೊನೆಯ ಪ್ರಶ್ನೆಗೆ ನಮ್ಮ ಕಡೆಯವರಿಗೆ ಇನ್ನೊಂದು ಉತ್ತರವೂ ಇದೆ. ಗೌರಿಬಿದನೂರಿನಿಂದ ಸೀಸನ್ ಪಾಸ್ ಇಟ್ಕೊಂಡು ಬೆಳಗಿನ ರೈಲು ಹತ್ತೋರು, ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಲ್ಲಿ ಬಂದು ಹೋಗೋರು ಬೇಕಾದಷ್ಟು ಜನ. ಕೆಲವರಿಗೆ ಅದು ದುಡ್ಡಿನ ಲೆಕ್ಕ, ಕೆಲವರಿಗೆ ವಯಸ್ಸಾದ ಅಪ್ಪ-ಅಮ್ಮನ ಲೆಕ್ಕ. ರೂಮು ಸಿಗದೆ ಹಾಗೆ ಓಡಾಡೋರೂ ಇದ್ದಾರೆ. ದಿನಾ ಒಂದೇ ಬೋಗಿ, ಅದೇ ಮುಖಗಳು, ಕಡಲೆಕಾಯಿ ಹಂಚ್ಕೊಂಡು ಮಾತು. ಒಬ್ಬರು ಎರಡು ದಿನ ಕಾಣದೇ ಹೋದರೆ ಮೂರನೇ ದಿನ ಯಾರಾದರೂ ಫೋನ್ ಮಾಡ್ತಾರೆ. ರೂಮು ಬೆಂಗಳೂರಲ್ಲಿ ಮಾಡಿದರೂ ಅಷ್ಟಾದರೂ ಸಿಗೋ ಬೀದಿಯನ್ನೇ ಹುಡುಕಿ.