ಜಲವರ್ಣದಲ್ಲಿ ಹಳೆಯ ಬೀದಿ

ಬೆಳಗಾವಿಯ ಖಡೇಬಜಾರ್ ಅಥವಾ ಖಾನಾಪುರದ ಪೇಟೆಬೀದಿ ನೂರು ವರ್ಷಗಳ ಹಿಂದೆ ಹೇಗಿತ್ತೆಂದು ಚಿತ್ರ ಬರೆಯಬೇಕಾದರೆ ನೀವು ಎಲ್ಲಿಂದ ಆರಂಭಿಸುವಿರಿ? ಕಣ್ಣೆದುರಿಗಿಲ್ಲದ ಬೀದಿಯನ್ನು ಬರೆಯುವವರು ಕಲಾವಿದರಾದರೆ ಸಾಲದು, ಇತಿಹಾಸಕಾರರೂ ಆಗಬೇಕು. ಇದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ನೋಡೋಣ.

1849ರ ಸುಮಾರಿಗೆ ಚಿನ್ನದ ಆಸೆಯಿಂದ ದಕ್ಷಿಣ ಚೀನದ ಜನ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಗತೊಡಗಿದರು. 1860ರ ದಶಕದಲ್ಲಿ ಸಾವಿರಾರು ಮಂದಿ ರೈಲುಮಾರ್ಗ ಹಾಕಲು ದುಡಿದರು. ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಅವರು ನೆಲೆಸಿದ ಕೇರಿಯೇ ಚೈನಾಟೌನ್. 1882ರ ಕಾಯಿದೆ ಚೀನೀ ಕೂಲಿಕಾರರ ಪ್ರವೇಶವನ್ನೇ ನಿಷೇಧಿಸಿತು. 1906ರ ಏಪ್ರಿಲ್ 18ರ ಭೂಕಂಪ, ಅದರ ಬೆನ್ನಿಗೇ ಎದ್ದ ಬೆಂಕಿ ಇಡೀ ಕೇರಿಯನ್ನು ಬೂದಿ ಮಾಡಿದವು. ನಗರದ ಮುಖಂಡರು ಚೀನೀಯರನ್ನು ಊರಂಚಿಗೆ ಸಾಗಿಸಲು ಹವಣಿಸಿದರು. ಆದರೆ ಅವರು ಒಪ್ಪದೆ ಅದೇ ನೆಲದಲ್ಲಿ ಮತ್ತೆ ಮನೆ, ಅಂಗಡಿಗಳನ್ನು ಕಟ್ಟಿಕೊಂಡರು.

ಸುಟ್ಟುಹೋದ ಆ ಕೇರಿಯನ್ನು ಚಿತ್ರಿಸಬಯಸುವವರಿಗೆ ದೊಡ್ಡ ಆಧಾರವೆಂದರೆ ಜರ್ಮನಿಯಿಂದ ಬಂದಿದ್ದ ಅರ್ನಾಲ್ಡ್ ಗೆಂತ್ ಭೂಕಂಪಕ್ಕೆ ಮೊದಲು ತೆಗೆದ ಫೋಟೋಗಳು. ಇವು 1908ರಲ್ಲಿ ಪುಸ್ತಕವಾಗಿಯೂ ಬಂದವು. ಆದರೆ ಕೆಲವು ಫೋಟೋಗಳಲ್ಲಿ ಅವರು ಇಂಗ್ಲಿಷ್ ಫಲಕಗಳನ್ನೂ ಬಿಳಿಯರನ್ನೂ ಅಳಿಸಿದ್ದರೆಂಬುದು ಮುಂದೆ ವಿದ್ವಾಂಸರ ಪರಿಶೀಲನೆಯಿಂದ ತಿಳಿಯಿತು. ಹಲವು ಜನ ಬೆರೆತಿದ್ದ ಬೀದಿ, ನೋಡುವವರಿಗೆ ದೂರದ ವಿಚಿತ್ರ ನಾಡಿನ ಬೀದಿಯಾಗಿ ಕಂಡಿತು. ಅಂಥ ಫೋಟೋವನ್ನೇ ನಂಬಿ ಬಣ್ಣ ಹಾಕಿದರೆ ತಪ್ಪು ಮುಂದುವರಿಯುತ್ತದೆ. 1959ರಲ್ಲಿ ಚೀನೀ ಮೂಲದ ಅಮೆರಿಕನ್ ಕಲಾವಿದ ಜೇಕ್ ಲೀ ತಮ್ಮ ಜನರ ಇತಿಹಾಸವನ್ನು 12 ಜಲವರ್ಣ ಚಿತ್ರಗಳಲ್ಲಿ ತಂದರು. ಅವುಗಳಲ್ಲಿ ಕಾಣುವವರು ವಿಚಿತ್ರ ಮನುಷ್ಯರಲ್ಲ, ರೈಲುಮಾರ್ಗ ಮುಂತಾದೆಡೆ ದುಡಿದ ಶ್ರಮಜೀವಿಗಳು.

ಬೆಳಗಾವಿಯೂ ಬಂದು ಸೇರಿದವರ ಊರು. 1818ರಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಮುಂದೆ ಕ್ಯಾಂಪ್ ಬೆಳೆದಂತೆ ಸೈನಿಕರ ಹಿಂದೆಯೇ ವ್ಯಾಪಾರಿಗಳೂ ಕಸುಬುದಾರರೂ ಬಂದರು. ಕನ್ನಡ, ಮರಾಠಿ, ಉರ್ದು, ಕೊಂಕಣಿ ಮಾತುಗಳು ಒಂದೇ ಪೇಟೆಯಲ್ಲಿ ಕೇಳಿಬಂದವು. ಜಲವರ್ಣದಲ್ಲಿ ಹೆಸರು ಮಾಡಿದ ಕೆ. ಬಿ. ಕುಲಕರ್ಣಿಯವರು ಬಾಳಿದ್ದೂ ಇದೇ ಊರಿನಲ್ಲಿ.

ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಒಮ್ಮೆ ಕಪ್ಪಾದ ಜಾಗವನ್ನು ತಿಳಿಬಣ್ಣದಿಂದ ಮುಚ್ಚಲಾಗದು. ಆದ್ದರಿಂದ ಕುಂಚ ಹಿಡಿಯುವ ಮೊದಲೇ ವಿಚಾರಿಸಿಕೊಳ್ಳಬೇಕು. ಹಿರಿಯರನ್ನು ಕೇಳಿ. ಒಂದೇ ಬೀದಿಯ ಎರಡು ಮೂರು ಫೋಟೋಗಳನ್ನು ಹೋಲಿಸಿ. ಖಾನಾಪುರದ ಭಾರಿ ಮಳೆಗೆ ಹೆಂಚಿನ ಮಾಡು ಎಷ್ಟು ಇಳಿಜಾರಾಗಿದೆಯೆಂದು ನೋಡಿ. ಅಂಗಡಿಯ ಫಲಕ ಯಾವ ಲಿಪಿಯಲ್ಲಿತ್ತೋ ಅದೇ ಲಿಪಿಯಲ್ಲಿ ಬರೆಯಿರಿ. ನಮಗೆ ಒಗ್ಗದ ಫಲಕವನ್ನು ಚಿತ್ರದಿಂದ ಅಳಿಸಿದರೆ, ಅದರ ಕೆಳಗೆ ಕುಳಿತು ಬಾಳಿದವರನ್ನೂ ಅಳಿಸಿದಂತಾಗುತ್ತದೆ.