ವೈಯಕ್ತಿಕ ದೇವಸಂಬಂಧ (ಕ್ರೈಸ್ತಧರ್ಮ)

ವೈಯಕ್ತಿಕ ದೇವಸಂಬಂಧ ಎಂಬುದು ಕ್ರೈಸ್ತಧರ್ಮದಲ್ಲಿ ವಿಶ್ವಾಸಿಯು ಪ್ರಾರ್ಥನೆ, ಧರ್ಮಗ್ರಂಥ ಪಠಣ, ಮೌನ ಹಾಗೂ ಆತ್ಮಪರಿಶೀಲನೆಗಳ ಮೂಲಕ ದೇವರೊಡನೆ ನೇರವಾಗಿ ಬೆಳೆಸಿಕೊಳ್ಳುವ ಬಾಂಧವ್ಯ. ಇದು ಸಾಮೂಹಿಕ ಆರಾಧನೆಗೆ ಬದಲಿಯಲ್ಲ, ಪೂರಕ ಎಂಬುದು ಹೆಚ್ಚಿನ ಕ್ರೈಸ್ತ ಪಂಥಗಳ ನಿಲುವು. ಈ ಸಾಧನೆಗೆ ಮೀಸಲಾದ ಕರ್ನಾಟಕದ ನೆಲೆಗಳಲ್ಲಿ ಬೆಂಗಳೂರಿನ ಕೆಂಗೇರಿ ಸಮೀಪದ ಆಶೀರ್ವನಂ ಬೆನೆಡಿಕ್ಟೈನ್ ಮಠವೂ ಒಂದು.

ಬೈಬಲ್ ಹಿನ್ನೆಲೆ

ಹಳೆಯ ಒಡಂಬಡಿಕೆಯ ಕೀರ್ತನೆಗಳಲ್ಲಿ ಸ್ತುತಿಯ ಜೊತೆಗೆ ದೂರು, ಭಯ, ಪಶ್ಚಾತ್ತಾಪಗಳೂ ದೇವರ ಮುಂದೆ ಮುಚ್ಚುಮರೆಯಿಲ್ಲದೆ ವ್ಯಕ್ತವಾಗಿವೆ. ಯೇಸು ದೇವರನ್ನು ತಂದೆ ಎಂಬ ಅರ್ಥದ 'ಅಬ್ಬಾ' ಎಂಬ ಅರಮಾಯಿಕ್ ಪದದಿಂದ ಕರೆದುದನ್ನು ಮಾರ್ಕನ ಸುವಾರ್ತೆ (೧೪:೩೬) ದಾಖಲಿಸುತ್ತದೆ. ಬಾಗಿಲು ಮುಚ್ಚಿಕೊಂಡು ಏಕಾಂತದಲ್ಲಿ ಪ್ರಾರ್ಥಿಸಬೇಕೆಂಬ ಬೋಧನೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ಯೇಸು ಕಲಿಸಿದ ಪ್ರಾರ್ಥನೆಯಾದರೋ 'ನಮ್ಮ' ತಂದೆ ಎಂಬ ಬಹುವಚನದಿಂದ ಆರಂಭವಾಗುತ್ತದೆ. ಏಕಾಂತ ಮತ್ತು ಸಮುದಾಯ ಒಂದನ್ನೊಂದು ಬಿಟ್ಟಿರುವುದಿಲ್ಲ ಎಂಬ ವಾದಕ್ಕೆ ಇದನ್ನು ಆಧಾರವಾಗಿ ನೀಡಲಾಗುತ್ತದೆ.

ಸಾಧನಾಕ್ರಮಗಳು

ಪವಿತ್ರ ಪಠಣ: ಹನ್ನೆರಡನೆಯ ಶತಮಾನದ ಸನ್ಯಾಸಿ ಎರಡನೆಯ ಗಿಗೊ ಇದನ್ನು ಪಠಣ, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದನು. ಬೈಬಲಿನ ಒಂದು ಚಿಕ್ಕ ಭಾಗವನ್ನು ನಿಧಾನವಾಗಿ ಓದಿ, ಮನಸ್ಸಿಗೆ ತಟ್ಟಿದ ಮಾತನ್ನು ಮೆಲುಕು ಹಾಕಿ, ಅದಕ್ಕೆ ಪ್ರಾರ್ಥನೆಯ ರೂಪದಲ್ಲಿ ಉತ್ತರ ನೀಡಿ, ಬಳಿಕ ಮೌನವಾಗಿರುವುದು ಇದರ ಕ್ರಮ.

ದಿನಾಂತ್ಯದ ಆತ್ಮಪರಿಶೀಲನೆ: ಲೊಯೊಲಾದ ಸಂತ ಇಗ್ನೇಷಿಯಸ್ (೧೪೯೧–೧೫೫೬) ರೂಪಿಸಿದ ಕ್ರಮ. ಕೃತಜ್ಞತೆ, ದಿನದ ಅವಲೋಕನ, ಕ್ಷಮಾಯಾಚನೆ ಮತ್ತು ನಾಳೆಯ ಸಂಕಲ್ಪ ಇದರ ಮುಖ್ಯಾಂಶಗಳು.

ಅಂತರಂಗದ ಪ್ರಾರ್ಥನೆ: ಆವಿಲಾದ ಸಂತ ತೆರೇಸಾ (೧೫೧೫–೧೫೮೨) ಇದನ್ನು ಸ್ನೇಹಿತನೊಡನೆ ನಡೆಸುವ ಸಂಭಾಷಣೆಗೆ ಹೋಲಿಸಿದಳು.

ಕರ್ನಾಟಕದಲ್ಲಿ

ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ಹುಟ್ಟಿದ ಪಯಟಿಸ್ಟ್ ಚಳವಳಿಯು ಬಾಹ್ಯಾಚಾರಕ್ಕಿಂತ ವ್ಯಕ್ತಿಯ ಅಂತರಂಗ ಪರಿವರ್ತನೆಗೆ ಮಹತ್ವ ನೀಡಿತು. ಇದರ ಪ್ರಭಾವದಲ್ಲಿ ಬೆಳೆದ ಬಾಸೆಲ್ ಮಿಷನ್ ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ಈ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಕ್ರಿಸ್ತನ ಜೀವನವನ್ನು 'ಕಥಾಮಾಲೆ' (೧೮೬೨) ಎಂಬ ಕನ್ನಡ ಪದ್ಯಕೃತಿಯಾಗಿ ರಚಿಸಿದನು. ಕಥೋಲಿಕ ಧರ್ಮಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ಬಳಿಕ ಲ್ಯಾಟಿನ್ ಬದಲು ಜನಭಾಷೆಗಳಲ್ಲಿ ಬಲಿಪೂಜೆ ನಡೆಯತೊಡಗಿತು. ದೇವರೊಡನೆ ತಾಯ್ನುಡಿಯಲ್ಲೇ ಮಾತನಾಡುವ ಪ್ರಶ್ನೆ ಇಲ್ಲಿ ಕೇವಲ ಅನುಕೂಲದ್ದಲ್ಲ. ಬೆಂಗಳೂರಿನ ಕನ್ನಡ ಕಥೋಲಿಕರು ಆರಾಧನೆಯಲ್ಲಿ ಕನ್ನಡದ ಸ್ಥಾನಕ್ಕಾಗಿ ದೀರ್ಘಕಾಲ ಹೋರಾಡಿದ್ದಾರೆ.

ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ (೧೯೦೬–೧೯೯೩) ೧೯೫೫ರಲ್ಲಿ ಭಾರತಕ್ಕೆ ಬಂದು, ಬೆನೆಡಿಕ್ಟ್ ಆಲಪಾಟ್ ಅವರೊಡನೆ ಕೆಂಗೇರಿಯಲ್ಲಿ ಮಠವೊಂದನ್ನು ಸ್ಥಾಪಿಸಲು ಯತ್ನಿಸಿದರು. ಆ ಯತ್ನ ಫಲಿಸಲಿಲ್ಲ. ೧೯೫೮ರಲ್ಲಿ ಅವರು ಕೇರಳದ ಕುರಿಶುಮಲೆಗೆ ತೆರಳಿದರು. ಸೇಲಂ ಸಮೀಪದಲ್ಲಿದ್ದ ಮತ್ತೊಂದು ಬೆನೆಡಿಕ್ಟೈನ್ ಸಮುದಾಯ ೧೯೫೭ರಲ್ಲಿ ಕೆಂಗೇರಿ ಬಳಿಗೆ ಬಂದು ಆಶೀರ್ವನಂ ಎಂಬ ಹೆಸರಿನಲ್ಲಿ ನೆಲೆಸಿತು. ಬೆನೆಡಿಕ್ಟೈನರು ಅನುಸರಿಸುವ, ೭೩ ಅಧ್ಯಾಯಗಳ ಸಂತ ಬೆನೆಡಿಕ್ಟನ ನಿಯಮಾವಳಿಯು ದಿನವನ್ನು ಸಾಮೂಹಿಕ ಪ್ರಾರ್ಥನೆ, ಪವಿತ್ರ ಪಠಣ ಮತ್ತು ಕಾಯಕಗಳಿಗೆ ಹಂಚುತ್ತದೆ. ಪ್ರಾರ್ಥನೆಗೆ ಬಹಳ ಮಾತು ಬೇಕಿಲ್ಲ, ಅದು ಚಿಕ್ಕದೂ ಶುದ್ಧವೂ ಆಗಿರಬೇಕು ಎಂಬುದು ಅದರ ಇಪ್ಪತ್ತನೆಯ ಅಧ್ಯಾಯದ ಸಾರ.

ಶುಷ್ಕತೆ ಮತ್ತು ವಿವೇಚನೆ

ದೀರ್ಘಕಾಲ ಪ್ರಾರ್ಥಿಸಿದರೂ ಯಾವ ಅನುಭವವೂ ಆಗದಿರುವ ಸ್ಥಿತಿಯನ್ನು ಆಧ್ಯಾತ್ಮಿಕ ಶುಷ್ಕತೆ ಎನ್ನುತ್ತಾರೆ. ಇದನ್ನು ಸಂಬಂಧ ಕಡಿದುಹೋದುದರ ಲಕ್ಷಣವೆಂದು ಭಾವಿಸಬಾರದೆಂದು ಶಿಲುಬೆಯ ಸಂತ ಯೋಹಾನ (೧೫೪೨–೧೫೯೧) ಬೋಧಿಸಿದನು. ಅನುಭವದ ಸುಖಕ್ಕಾಗಿ ಅಲ್ಲದೆ ದೇವರಿಗಾಗಿಯೇ ದೇವರನ್ನು ಅರಸುವುದನ್ನು ಕಲಿಸುವ ಶುದ್ಧೀಕರಣದ ಹಂತವಾಗಿ ಅವನು ಇಂಥ ಕತ್ತಲನ್ನು ಕಂಡನು. ಇನ್ನೊಂದು ಅಪಾಯ, ಸ್ವಂತ ಬಯಕೆಯನ್ನೇ ದೇವರ ದನಿಯೆಂದು ತಿಳಿಯುವುದು. ಆದ್ದರಿಂದ ಆಧ್ಯಾತ್ಮಿಕ ಮಾರ್ಗದರ್ಶಕರ ಸಲಹೆ, ಧರ್ಮಗ್ರಂಥ ಮತ್ತು ಸಮುದಾಯದ ಅನುಭವಗಳೊಡನೆ ಅಂತರಂಗದ ಪ್ರೇರಣೆಯನ್ನು ಹೋಲಿಸಿ ನೋಡುವ ವಿವೇಚನೆಯ ಪದ್ಧತಿಯಿದೆ. ನೆರೆಯವರ ಮೇಲಣ ಪ್ರೀತಿ ಹೆಚ್ಚಿದೆಯೇ ಎಂಬುದು ಈ ಸಂಬಂಧದ ಸಾಚಾತನಕ್ಕೆ ಮುಖ್ಯ ಒರೆಗಲ್ಲು. ಯೋಹಾನನ ಮೊದಲನೆಯ ಪತ್ರ (೪:೨೦) ಇದಕ್ಕೆ ಆಧಾರ.