ಅಲ್ಸರೇಟಿವ್ ಕೊಲೈಟಿಸ್

ದೊಡ್ಡ ಕರುಳಿನ ಒಳಪೊರೆ ಕೆಂಪಗೆ ಊದಿ, ಹುಣ್ಣಾಗಿ, ರಕ್ತ ಜಿನುಗುವ ದೀರ್ಘಕಾಲದ ಕಾಯಿಲೆ. ದೊಡ್ಡ ಕರುಳಿಗೆ ಬರುವ ಯಾವುದೇ ಉರಿಯೂತಕ್ಕೂ ಕೊಲೈಟಿಸ್ ಎನ್ನುತ್ತಾರೆ. ಅಮೀಬಾ, ಷಿಗೆಲ್ಲಾದಂಥ ಸೋಂಕು ತಗುಲಿದಾಗ, ಕರುಳಿಗೆ ರಕ್ತ ಸಾಲದಾದಾಗ, ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಬ್ಯಾಕ್ಟೀರಿಯಾ ಹೆಚ್ಚಿಕೊಂಡಾಗ, ಕ್ಯಾನ್ಸರಿಗೆ ವಿಕಿರಣ ಕೊಟ್ಟಾಗ ಕೂಡ ಅದು ಬರಬಹುದು. ಇಂಥವುಗಳಿಗೆ ಕಾರಣ ಗೊತ್ತಿದೆ. ಅಲ್ಸರೇಟಿವ್ ಕೊಲೈಟಿಸ್‌ಗೆ ಹಾಗೆ ಬೊಟ್ಟು ಮಾಡಿ ತೋರಿಸುವ ಒಂದೇ ಕಾರಣವಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಪೊರೆಯ ಮೇಲೆ ತಿರುಗಿ ಬೀಳುತ್ತದೆ. ಅದರಲ್ಲಿ ವಂಶವಾಹಿಗಳ ಪಾಲೂ ಇದೆ, ಕರುಳಿನ ಬ್ಯಾಕ್ಟೀರಿಯಾಗಳ ಪಾಲೂ ಇದೆ. ಒಮ್ಮೆ ಬಂದರೆ ಕೆರಳುತ್ತ ಅಡಗುತ್ತ ಜೀವಮಾನವಿಡೀ ಜೊತೆಗಿರುತ್ತದೆ. ಇದನ್ನೂ ಕ್ರೋನ್ಸ್ ಕಾಯಿಲೆಯನ್ನೂ ಸೇರಿಸಿ ಐಬಿಡಿ (ಕರುಳಿನ ಉರಿಯೂತದ ಕಾಯಿಲೆ) ಎನ್ನುತ್ತಾರೆ. ಹೆಸರಿನಲ್ಲಿ ಹತ್ತಿರವೆನಿಸುವ ಐಬಿಎಸ್ (ಇರಿಟೆಬಲ್ ಬವೆಲ್ ಸಿಂಡ್ರೋಮ್) ಎಂಬುದು ಬೇರೆಯೇ ತೊಂದರೆ. ಅದರಲ್ಲಿ ಕರುಳು ಹುಣ್ಣಾಗುವುದೂ ಇಲ್ಲ, ರಕ್ತ ಬರುವುದೂ ಇಲ್ಲ.

ಸೋಂಕಿನ ರಕ್ತಭೇದಿಯಿಂದ ಈ ಕಾಯಿಲೆಯನ್ನು ಮೊದಲು ಬೇರೆಯಾಗಿ ಗುರುತಿಸಿದವರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಪ್ರಮುಖ. ಅದು 1859ರ ಮಾತು. ಬಹುಕಾಲ ಇದನ್ನು ಪಾಶ್ಚಾತ್ಯರ ರೋಗವೆಂದೇ ತಿಳಿದಿದ್ದರು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಜನರಲ್ಲಿ ಇದು ಕಂಡುಬಂದಾಗ ಆ ನಂಬಿಕೆ ಸಡಿಲವಾಯಿತು. ಹೆಚ್ಚಾಗಿ 15ರಿಂದ 30 ವರ್ಷದೊಳಗೆ ಶುರುವಾಗುತ್ತದೆ.

ರೋಗ ಗುದನಾಳದಲ್ಲಿ ಹುಟ್ಟಿ, ನಡುವೆ ಎಲ್ಲೂ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತದೆ. ಕೆಲವರಲ್ಲಿ ಗುದನಾಳದಲ್ಲೇ ನಿಲ್ಲುತ್ತದೆ, ಕೆಲವರಲ್ಲಿ ಎಡಭಾಗದವರೆಗೆ ಹೋಗುತ್ತದೆ, ಇನ್ನು ಕೆಲವರಲ್ಲಿ ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಪೂರ್ತಿ ಆವರಿಸುತ್ತದೆ. ಕ್ರೋನ್ಸ್ ಹಾಗಲ್ಲ, ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಬಿಟ್ಟು ಬಿಟ್ಟು, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ.

ರಕ್ತ, ಲೋಳೆ ಬೆರೆತ ಭೇದಿ ಮುಖ್ಯ ಲಕ್ಷಣ. ಅವಸರವಾಗಿ ಓಡಿದರೆ ಮಲವೇ ಇಲ್ಲದೆ ಒಂದಿಷ್ಟು ರಕ್ತ, ಲೋಳೆ ಮಾತ್ರ. ಎದ್ದು ಬಂದ ಐದು ನಿಮಿಷಕ್ಕೆ ಮತ್ತೆ ಅದೇ ಒತ್ತಡ. ಹೊಟ್ಟೆ ನುಲಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಸುಸ್ತು, ರಕ್ತಹೀನತೆ ಇದರ ಜೊತೆಯವು. ಬಸ್ಸು ಹತ್ತುವ ಮುಂಚೆ ಶೌಚಾಲಯ ಎಲ್ಲಿದೆಯೆಂದು ನೋಡಿಟ್ಟುಕೊಳ್ಳುವುದು ರೋಗಿಗೆ ರೂಢಿಯಾಗಿಬಿಡುತ್ತದೆ. ಎಷ್ಟೋ ಜನ ಇದನ್ನು ಮನೆಯವರಿಗೂ ಹೇಳಿಕೊಳ್ಳುವುದಿಲ್ಲ. ಕೆಲವರಿಗೆ ಕೀಲುನೋವು, ಕಣ್ಣು ಕೆಂಪಾಗುವುದು, ಮೊಣಕಾಲ ಕೆಳಗೆ ನೋವಿನ ಕೆಂಪು ಗಂಟುಗಳೂ ಬರುತ್ತವೆ.

ನಮ್ಮಲ್ಲಿ ಈ ಕಾಯಿಲೆ ಬೇಗ ಪತ್ತೆಯಾಗದಿರುವುದಕ್ಕೆ ಅದನ್ನು ಹೋಲುವ ಕಾಯಿಲೆಗಳೇ ಕಾರಣ. ರಕ್ತ ಕಂಡರೆ ಮೂಲವ್ಯಾಧಿ, ಲೋಳೆ ಕಂಡರೆ ಆಮಶಂಕೆ ಎಂಬ ತೀರ್ಮಾನ ಸಲೀಸು. ಔಷಧಿ ಅಂಗಡಿಯಿಂದ ಆಮಶಂಕೆಯ ಮಾತ್ರೆ ಮೆಟ್ರೊನಿಡಜೋಲ್ ತಂದು ನುಂಗುತ್ತಾರೆ. ರೋಗ ತಾನಾಗಿ ತುಸು ಅಡಗಿದರೆ ಮಾತ್ರೆ ಹಿಡಿಯಿತು ಎಂದುಕೊಳ್ಳುತ್ತಾರೆ. ಮುಂದಿನ ಸಲ ಮತ್ತೆ ಅದೇ. ಇದರ ತಿರುವುಮುರುವು ಇನ್ನೂ ಅಪಾಯಕರ. ಅಮೀಬಾ ಸೋಂಕಿದ್ದವರಿಗೆ ಕೊಲೈಟಿಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ಕರುಳು ತೂತುಬಿದ್ದು ಪ್ರಾಣಕ್ಕೇ ಸಂಚಕಾರ ಬರಬಹುದು. ಅದಕ್ಕೇ ಮೊದಲು ಮಲಪರೀಕ್ಷೆ, ಆಮೇಲೆ ನಳಿಕೆ ತೂರಿಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೊಪಿ. ಆರೋಗ್ಯವಂತ ಕರುಳಿನ ಒಳಮೈ ನಸುಗೆಂಪಾಗಿ ಹೊಳೆಯುತ್ತದೆ, ಸಣ್ಣ ರಕ್ತನಾಳಗಳ ಬಲೆ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ರೋಗ ತಗುಲಿದ ಕಡೆ ಆ ಬಲೆ ಮಾಯವಾಗಿ, ಮೈ ತರಿತರಿಯಾಗಿ, ನಳಿಕೆ ತಾಕಿದರೂ ರಕ್ತ ಒಸರುತ್ತದೆ. ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕರುಳಿನ ಕ್ಷಯ ಭಾರತದಲ್ಲಿ ಅಪರೂಪವಲ್ಲವಾದ್ದರಿಂದ ಅದಲ್ಲವೆಂದೂ ಇಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಅಳೆಯುವ ಪರೀಕ್ಷೆ ಉರಿಯೂತ ಎಷ್ಟಿದೆಯೆಂದು ಸೂಚಿಸುತ್ತದೆ. ಪದೇ ಪದೇ ಕೊಲೊನೋಸ್ಕೊಪಿ ಮಾಡಿಸುವ ಕಷ್ಟ ಅದರಿಂದ ಎಷ್ಟೋ ತಪ್ಪುತ್ತದೆ.

ಮೊದಲ ಪರಿಣಾಮಕಾರಿ ಔಷಧ ಸಿಕ್ಕಿದ್ದು ಅನಿರೀಕ್ಷಿತವಾಗಿ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ಸಲ್ಫಾ ಔಷಧವನ್ನೂ ಸ್ಯಾಲಿಸಿಲೇಟನ್ನೂ ಜೋಡಿಸಿದ ಸಲ್ಫಾಸಲಜೀನ್ ರೂಪಿಸಿದರು. 1940ರ ದಶಕದಲ್ಲಿ ಅದು ಕೊಲೈಟಿಸ್‌ಗೆ ಒದಗಿ ಬಂತು. ಎರಡರಲ್ಲಿ ಕೆಲಸ ಮಾಡುವ ಭಾಗ ಯಾವುದೆಂದು ತಿಳಿಯಲು 1977ರವರೆಗೆ ಕಾಯಬೇಕಾಯಿತು. ಮುಂದೆ ಬಾಂಗ್ಲಾದೇಶದ ಹೆಸರಾಂತ ವೈದ್ಯರಾದ ಎ.ಕೆ. ಆಜಾದ್ ಖಾನ್ ಆಗ ಆಕ್ಸ್‌ಫರ್ಡಿನಲ್ಲಿ ವೈದ್ಯ ಟ್ರೂಲವ್ ಅವರ ಜೊತೆ ಸಂಶೋಧನೆಯಲ್ಲಿದ್ದರು. ಎರಡೂ ಭಾಗಗಳನ್ನು ಬೇರೆ ಬೇರೆಯಾಗಿ ಎನಿಮಾ ಕೊಟ್ಟು ನೋಡಿದಾಗ ಗುಣ ಕಂಡದ್ದು ಸ್ಯಾಲಿಸಿಲೇಟಿನ ಕಡೆಯದರಿಂದ. ಇಂದಿನ ಮೆಸಲಮೈನ್ ಅದೇ. ರೋಗ ಸೌಮ್ಯವಾಗಿದ್ದರೆ ಇದೇ ಮೊದಲ ಔಷಧ. ಗುದನಾಳದ ರೋಗಕ್ಕೆ ಬಾಯಿಯಿಂದ ಕೊಡುವ ಮಾತ್ರೆಗಿಂತ ರಾತ್ರಿ ಮಲಗುವಾಗ ಗುದದೊಳಗೆ ಇಟ್ಟುಕೊಳ್ಳುವ ಸಪೋಸಿಟರಿ ಮೇಲು. ನಾಚಿಕೆಯಿಂದಲೋ ಮುಜುಗರದಿಂದಲೋ ಅದನ್ನು ಬಿಟ್ಟು ಮಾತ್ರೆಯನ್ನಷ್ಟೇ ನುಂಗುವವರೇ ಹೆಚ್ಚು.

ಮೆಸಲಮೈನ್ ಸಾಲದಿದ್ದರೆ ಸ್ಟೀರಾಯ್ಡ್. ಕೆರಳಿದ ರೋಗವನ್ನು ಅದು ಅಡಗಿಸುತ್ತದೆ, ಆದರೆ ಮತ್ತೆ ಕೆರಳದಂತೆ ಕಾಯುವುದಿಲ್ಲ. ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ತರುತ್ತದೆ. ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಬೇಕು. ಹಳೆಯ ಚೀಟಿ ತೋರಿಸಿ ತಾವೇ ಮತ್ತೆ ಮತ್ತೆ ಕೊಂಡು ನುಂಗುವುದು ರೋಗದಷ್ಟೇ ಕೆಡುಕು. ದೀರ್ಘಕಾಲಕ್ಕೆ ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮಾಬ್, ವೆಡೊಲಿಜುಮಾಬ್, ಟೋಫಾಸಿಟಿನಿಬ್‌ನಂಥವು ಇವೆ. ಇನ್‌ಫ್ಲಿಕ್ಸಿಮಾಬ್ ಮೈಯಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸಬಹುದಾದ್ದರಿಂದ ಮೊದಲು ಅದರ ಪರೀಕ್ಷೆ ಆಗಲೇಬೇಕು.

ಮೆಸಲಮೈನಿನಿಂದ ಚೇತರಿಸಿಕೊಂಡವರು ಬಹುಮಟ್ಟಿಗೆ ಎಡವುವುದು ರಕ್ತ ನಿಂತ ಮೇಲೆ. ಹಾಯೆನಿಸಿದ ಕೂಡಲೇ ಮಾತ್ರೆ ನಿಲ್ಲಿಸುತ್ತಾರೆ. ಮೆಸಲಮೈನ್ ರೋಗ ಅಡಗಿರುವಾಗಲೂ ತೆಗೆದುಕೊಳ್ಳುವ ಔಷಧ; ಬಿಟ್ಟವರಲ್ಲಿ ರೋಗ ಮರುಕಳಿಸುವುದು ಹೆಚ್ಚು. ಬಸುರಿಯಾದೆನೆಂದು ತಾವಾಗಿಯೇ ಔಷಧ ಬಿಡುವುದೂ ತಪ್ಪು. ಮಗುವಿಗೆ ಮೆಸಲಮೈನಿಗಿಂತ ಕೆರಳಿದ ಕೊಲೈಟಿಸ್ಸೇ ಹೆಚ್ಚು ತೊಂದರೆ ಕೊಡುತ್ತದೆ. ಗರ್ಭಕ್ಕೆ ಹಾನಿಕರವಾದ ಕೆಲವು ಔಷಧಗಳನ್ನು ಮಾತ್ರ ವೈದ್ಯರು ಮೊದಲೇ ಬದಲಿಸುತ್ತಾರೆ.

ಪಥ್ಯದಿಂದಲೇ ಇದನ್ನು ವಾಸಿ ಮಾಡಲಾಗದು. ಕೆರಳಿದ ದಿನಗಳಲ್ಲಿ ಮೆತ್ತಗಿನ ಅನ್ನ, ಗಂಜಿ, ಬೇಳೆಯ ತಿಳಿ, ಮೊಟ್ಟೆಯಂಥ ನಾರು ಕಡಿಮೆಯಿರುವ ಊಟ ಹಿತ. ರಾಗಿ ಮುದ್ದೆ, ಸೊಪ್ಪು, ಹಸಿ ತರಕಾರಿ ಆಮೇಲೆ ಮರಳಲಿ. ಹಾಲು ಒಗ್ಗದಿದ್ದರೆ ಮಾತ್ರ ಬಿಡಬೇಕು. ಎಲ್ಲವನ್ನೂ ವರ್ಜಿಸಿ ಬರೀ ಮೊಸರನ್ನ ತಿಂದು ಸೊರಗುವುದು ಬೇಡ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ರೋಗವನ್ನು ಕೆರಳಿಸಬಹುದು.

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿಯಾಗಿ, ಜೊತೆಗೆ ಜ್ವರ ಅಥವಾ ನಿಮಿಷಕ್ಕೆ 90ಕ್ಕೂ ಮೀರಿದ ನಾಡಿ ಇದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಕೊಟ್ಟ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ರೋಗ ಹೀಗೆ ಉಲ್ಬಣಿಸಿದಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ನುಂಗಬಾರದು, ಕರುಳು ಊದಿಕೊಂಡು ಒಡೆಯುವ ಭಯವಿದೆ. ಔಷಧಕ್ಕೆ ಬಗ್ಗದಿದ್ದರೆ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯಲ್ಲೇ ಚೀಲ ಮಾಡಿ ಗುದಕ್ಕೆ ಹೊಲಿಯುತ್ತಾರೆ. 1978ರಲ್ಲಿ ಲಂಡನ್ನಿನ ಶಸ್ತ್ರವೈದ್ಯರಾದ ಪಾರ್ಕ್ಸ್ ಮತ್ತು ನಿಕೋಲ್ಸ್ ವರದಿ ಮಾಡಿದ ಈ ಶಸ್ತ್ರಚಿಕಿತ್ಸೆಯಿಂದ ಹೊರಗೆ ಶಾಶ್ವತವಾಗಿ ಚೀಲ ಕಟ್ಟಿಕೊಳ್ಳುವುದು ತಪ್ಪಿತು. ಕರುಳು ಉಳಿದವರಲ್ಲಿ ವರ್ಷ ಕಳೆದಂತೆ ಕ್ಯಾನ್ಸರಿನ ಅಪಾಯ ಏರುವುದರಿಂದ, ರೋಗ ಗುದನಾಳದಾಚೆಗೂ ಹಬ್ಬಿದವರು ಲಕ್ಷಣ ಶುರುವಾದ ಎಂಟು ವರ್ಷದಿಂದ ಆಗಾಗ ಕೊಲೊನೋಸ್ಕೊಪಿ ಮಾಡಿಸಿಕೊಳ್ಳುತ್ತಿರಬೇಕು.